ಅಕ್ಕನ ಕೋಣೆಯ ಕೆಳಗಿನ ಪೈಪು

ಬೀದಿಯ ಜನ ಅವನನ್ನು ಮೂಗಣ್ಣ ಎಂದು ಕರೆಯುತ್ತಿದ್ದರು. ಮೂಗು ದೊಡ್ಡದೆಂದಲ್ಲ. ಗ್ಯಾಸ್ ಕಂಪನಿಯ ಕೆಲಸಗಾರನಾದ ಅವನು ಉದ್ದ ಕೋಲಿನ ತುದಿಯ ರಬ್ಬರ್ ಬಟ್ಟಲನ್ನು ನೆಲಕ್ಕೆ ಆನಿಸುತ್ತ, ಹೆಗಲಿಗೆ ನೇತುಹಾಕಿದ ಯಂತ್ರದ ಮೇಲೆ ಕಣ್ಣಿಟ್ಟು, ಬೀದಿಯುದ್ದಕ್ಕೂ ನೆಲ ಮೂಸಿಕೊಂಡು ಹೋಗುತ್ತಿದ್ದ. ಮಣ್ಣಿನಡಿಯ ಪೈಪು ಎಲ್ಲಾದರೂ ಸೋರುತ್ತಿದ್ದರೆ ಯಂತ್ರ ಕಿರುಚುತ್ತಿತ್ತು. "ಏನ್ ಮೂಗಣ್ಣ, ನಿಧಿ ಸಿಕ್ತಾ?" ಎಂದು ಸೈಕಲ್ ರಿಪೇರಿಯವನು ಕಂಡಾಗಲೆಲ್ಲ ಕೇಳುವನು. ಸಿಗದೇ ಇದ್ದರೇ ತನಗೆ ಹಬ್ಬ ಎಂದು ಇವನು ನಗುತ್ತ ಮುಂದೆ ಹೋಗುವನು.

ತಾಯಿ ತೀರಿಕೊಂಡಾಗ ಅವನಿನ್ನೂ ಶರ್ಟಿನ ಗುಂಡಿ ಹಾಕಲು ಬಾರದ ಹುಡುಗ. ಅಕ್ಕನೇ ಹೊಲಿಗೆ ಯಂತ್ರ ತುಳಿದು ಅವನನ್ನು ಓದಿಸಿ, ಒಂದು ದಾರಿಗೆ ಹಚ್ಚಿ, ಆಮೇಲೆ ಮದುವೆಯಾದವಳು. ಭಾವ ಬಸ್ ಓಡಿಸುತ್ತಿದ್ದ. ತಮಾಷೆಯ ಮನುಷ್ಯ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಹಾಗೆಯೇ ಕುಸಿದ, ಬಲಭಾಗ ಪೂರ್ತಿ ಸ್ವಾಧೀನ ತಪ್ಪಿತು. ಮಲಗುವ ಕೋಣೆ ಇದ್ದದ್ದು ಮಹಡಿಯ ಮೇಲೆ. ಆಸ್ಪತ್ರೆಗೆ ಒಯ್ಯಬೇಕೆಂದರೆ ಇಬ್ಬರು ಗಂಡಸರನ್ನು ಕಾಡಿ ಬೇಡಿ ಕರೆತಂದು, ಕಿರಿದಾದ ಮೆಟ್ಟಿಲಲ್ಲಿ ಅವನನ್ನು ಬೀರುವಿನಂತೆ ಇಳಿಸಬೇಕಿತ್ತು.

ಆ ಹೊತ್ತಿಗೆ ಮೂಗಣ್ಣನನ್ನು ಹೊಸ ಲೈನ್ ಹಾಕುವ ಕೆಲಸಕ್ಕೆಂದು ಬೇರೆ ಊರಿಗೆ ಕಳಿಸಿದ್ದರು. ಭಾವನಿಗೆ ಕೆಳಗೇ ಒಂದು ಕೋಣೆ ಕಟ್ಟಿಸುತ್ತಿದ್ದೇನೆ ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ, ಒಳ್ಳೆಯದಾಯಿತು ಬಿಡು ಎಂದವನೂ ಅವನೇ. ಹಿತ್ತಲಲ್ಲಿ ಕಟ್ಟಿಸುತ್ತಿರಬಹುದು ಎಂದುಕೊಂಡಿದ್ದ. ಎಲ್ಲಿ ಎಂದು ಕೇಳಬೇಕೆಂದು ತೋಚಲೇ ಇಲ್ಲ.

ಊರಿಗೆ ಮರಳಿ, ಯಂತ್ರ ಹೆಗಲೇರಿಸಿಕೊಂಡು ಅಕ್ಕನ ಬೀದಿಗೆ ಬಂದ ದಿನ ಅವನ ಕಾಲು ಗೇಟಿನ ಬಳಿಯೇ ನಿಂತುಬಿಟ್ಟಿತು. ಮನೆಗೂ ಕಾಂಪೌಂಡಿಗೂ ನಡುವೆ ಉದ್ದಕ್ಕೆ ಖಾಲಿ ಬಿದ್ದಿದ್ದ ಜಾಗದಲ್ಲಿ ಸುಣ್ಣ ಬಳಿದ ಕೋಣೆ ಎದ್ದಿತ್ತು. ಹಿಂದಿನ ಮನೆಗಳಿಗೆಲ್ಲ ಗ್ಯಾಸ್ ಹೋಗುವ ಪೈಪು ಅದೇ ಜಾಗದ ಅಡಿಯಲ್ಲಿತ್ತು. ಬಯಲಿನಲ್ಲಿ ಸೋರಿದರೆ ಗ್ಯಾಸ್ ಗಾಳಿಗೆ ಹೋಗಿಬಿಡುತ್ತದೆ. ಮೇಲೆ ಕೋಣೆಯಿದ್ದರೆ ಅದರೊಳಗೇ ತುಂಬಿಕೊಳ್ಳುತ್ತದೆ. ಆಮೇಲೆ ಒಂದು ಸ್ವಿಚ್ಚಿನ ಕಿಡಿ ಸಾಕು.

ಅಕ್ಕ ಸಂಭ್ರಮದಿಂದ ಒಳಗೆ ಕರೆದೊಯ್ದಳು. ಭಾವ ಮಂಚದ ಮೇಲೆ ಕಿಟಕಿಗೆ ಮುಖ ಮಾಡಿ ಕೂತಿದ್ದ. ಎಷ್ಟೋ ತಿಂಗಳ ಮೇಲೆ ಅವನ ಗಡ್ಡ ನೀಟಾಗಿ ಬೋಳಿಸಿತ್ತು. ಬೀದಿಯಲ್ಲಿ ಹೋಗುವವರೆಲ್ಲ ಮಾತಾಡಿಸಿಕೊಂಡು ಹೋಗುತ್ತಾರೆ, ಜೀವ ಬಂದ ಹಾಗಾಗಿದೆ ಎಂದಳು. ಮೂಗಣ್ಣ ನೀರು ಕುಡಿದ. ಆಮೇಲೆ ಅವಳನ್ನು ಅಡುಗೆಮನೆಗೆ ಕರೆದು ಪೈಪಿನ ವಿಷಯ ಹೇಳಿದ.

ಅಕ್ಕ ನಕ್ಕಳು. "ಪೈಪ್ ಇರೋದು ನಂಗೊತ್ತಿಲ್ವಾ? ಗಾರೆಯವನೂ ಕೇಳ್ದ. ನನ್ ತಮ್ಮ ಗ್ಯಾಸ್ ಕಂಪನಿಲೇ ಇದಾನೆ ಅಂದೆ. ನೀನಿದೀಯಲ್ಲ ಅಂತಲೇ ಕಟ್ಟಿಸಿದ್ದು ಕಣೋ."

ಭಾವನನ್ನು ತನ್ನ ಮನೆಗೆ ಕರೆದೊಯ್ಯುತ್ತೇನೆಂದ. ಅವನ ಮನೆ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಪೈಪನ್ನು ಪಕ್ಕದ ಮನೆಯ ಅಂಗಳದಿಂದ ತಿರುಗಿಸಬಹುದೇ ಎಂದು ಆ ಮನೆಯ ಯಜಮಾನನ ಬಳಿ ಹೋಗಿ ಕೈಮುಗಿದ. ನಿಮ್ಮಕ್ಕನಿಗೆ ಬೇಡವಾದದ್ದು ನನಗ್ಯಾಕೆ ಎಂದು ಆತ ಬಾಗಿಲು ಹಾಕಿಕೊಂಡ. ತಪ್ಪೇನೂ ಇರಲಿಲ್ಲ ಆ ಮಾತಿನಲ್ಲಿ.

ಆಫೀಸಿಗೆ ಹೇಳಿದರೆ ಅಕ್ಕನ ನಂಟು ಹೋಯಿತು, ಹೇಳದಿದ್ದರೆ ಅಕ್ಕನೇ ಹೋದಾಳು ಎಂದು ಹೆಂಡತಿಯೆದುರು ಒಮ್ಮೆ ಬಾಯಿಬಿಟ್ಟ. ಕೊನೆಗೆ ಬೀದಿಯಲ್ಲಿ ನಿಂತು ಕೋಣೆಯ ಫೋಟೊ ತೆಗೆದು ಆಫೀಸಿಗೆ ಕಳಿಸಿದ. ಫೋಟೊದಲ್ಲಿ ಕಿಟಕಿಯೊಳಗಿಂದ ಭಾವ ಎಡಗೈ ಎತ್ತಿದ್ದ. ತಮಾಷೆಗೆ ತೆಗೆಯುತ್ತಿದ್ದಾನೆ ಎಂದುಕೊಂಡಿರಬೇಕು.

ಆಫೀಸಿನವರು ಬಂದು ಗೋಡೆಗೆ ನೋಟಿಸ್ ಅಂಟಿಸಿದರು. ಅಕ್ಕ ಮನೆಗೆ ಬಂದು ಜಗಳವಾಡುತ್ತಾಳೆ ಎಂದು ಅವನು ಕಾದ. ಅವಳು ಬರಲಿಲ್ಲ. ಅವನೇ ಹೋದಾಗ ಬಾಗಿಲಲ್ಲೇ ನಿಂತು, "ಯಾರೋ ಹೊರಗಿನವ್ರು ಬರ್ಕೊಟ್ಟಿದ್ರೆ ತಡ್ಕೋತಿದ್ದೆ" ಎಂದಳು. ಅಷ್ಟೇ. ಒಳಗೆ ಬಾ ಎನ್ನಲಿಲ್ಲ.

ಇಷ್ಟು ಮಾಡಿದ್ದಕ್ಕಾದರೂ ಕೋಣೆ ಹೋಗಿ ಜೀವ ಉಳಿಯಬೇಕಿತ್ತು. ಕಟ್ಟಡ ಒಡೆಯುವ ಅಧಿಕಾರ ನಮಗಿಲ್ಲ, ನಗರಸಭೆಗೆ ಬರೆದಿದ್ದೇವೆ ಎಂದರು ಕಂಪನಿಯವರು. ಪೈಪು ಕಂಪನಿಯದು, ಅವರೇ ಸರಿಸಿಕೊಳ್ಳಲಿ ಎಂದರು ನಗರಸಭೆಯವರು. ಅಲ್ಲಿಯವರೆಗೆ ಲೈನನ್ನೇ ಬಂದ್ ಮಾಡೋಣವೆಂದು ಹೊರಟರೆ, ಒಲೆ ಆರುತ್ತದೆಂದು ಹಿಂದಿನ ಮನೆಗಳವರು ಆಫೀಸಿಗೇ ನುಗ್ಗಿದರು. ಮೂಗಣ್ಣ ಮೆಟ್ಟಿಲು ಸವೆಯುವಷ್ಟು ಓಡಾಡಿದ. ಕಂಪನಿಯ ಇಂಜಿನಿಯರ್ ಕೆಟ್ಟವನಲ್ಲ. ಅವನನ್ನು ಕೂರಿಸಿಕೊಂಡು, "ನಿನ್ನ ಕೆಲಸ ನೀನು ಮಾಡಿದೀಯ, ತಲೆ ಕೆಡಿಸ್ಕೋಬೇಡ" ಎಂದ. ನೋಟಿಸು ಬಿಸಿಲಿಗೆ ಬಣ್ಣಗೆಟ್ಟು ಉದುರಿತು.

ಹೀಗೆ ಕೋಣೆ ಉಳಿಯಿತು, ಪೈಪೂ ಉಳಿಯಿತು. ಹೋದದ್ದು ಅಕ್ಕ ತಮ್ಮಂದಿರ ಮಾತು ಮಾತ್ರ.

ಬೇರೆ ಬೀದಿ ಕೊಡಿಸಿಕೊಳ್ಳಿ ಎಂದು ಹೆಂಡತಿ ಹೇಳಿದಳು. ಬೇರೆಯವನು ಆ ಗೋಡೆಯ ಬಳಿ ನಿಲ್ಲದೆ ಹೋದರೆ ಎಂಬ ಭಯಕ್ಕೆ ಅವನು ಕೇಳಲಿಲ್ಲ. ಬಂದಾಗಲೆಲ್ಲ ಆ ಗೋಡೆಯ ಬುಡದಲ್ಲಿ ಬಟ್ಟಲು ಆನಿಸಿ, ಬೇರೆಲ್ಲೂ ನಿಲ್ಲದಷ್ಟು ಹೊತ್ತು ನಿಲ್ಲುತ್ತಿದ್ದ. ಯಂತ್ರ ಸುಮ್ಮನಿರುತ್ತಿತ್ತು. ಆದರೆ ಗೋಡೆಯ ಹೊರಗಿನದಷ್ಟೇ ಅದಕ್ಕೆ ಗೊತ್ತು. ನೆಲಗಾರೆಯ ಕೆಳಗೆ ಏನಾಗುತ್ತಿದೆಯೋ, ಅವನ ಕಣ್ಣಿಗೂ ಕಾಣದು, ಮೂಗಿಗೂ ನಿಲುಕದು.

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಅವನು ಹಾಗೆಯೇ ನಿಂತಿದ್ದಾಗ ಅಕ್ಕ ಕಿಟಕಿ ಮುಚ್ಚಲು ಬಂದಳು. ಅವಳ ತಲೆಗೂದಲು ಬಹಳ ಬೆಳ್ಳಗಾಗಿತ್ತು. ಕೈ ಕದದ ಮೇಲಿಟ್ಟು ಯಂತ್ರವನ್ನೇ ನೋಡಿದಳು.

"ಏನಾದ್ರೂ ತೋರಿಸ್ತಿದ್ಯಾ?"

"ಇಲ್ಲಕ್ಕ. ಇವತ್ತಿಗೇನಿಲ್ಲ." ಆಮೇಲೆ ಎಂದ: "ಕಿಟಕಿ ಒಂದು ತೆಗೆದೇ ಇಟ್ಟಿರಕ್ಕ. ಬೇರೇನೂ ಕೇಳಲ್ಲ."

ಅವಳು ಮಂಚದ ಕಡೆ ತಿರುಗಿ, ಭಾವನ ಹೊದಿಕೆಯನ್ನು ಭುಜದವರೆಗೆ ಎಳೆದಳು. "ಇವ್ರಿಗೆ ಚಳಿ ತಡೆಯಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಕದ ಮುಚ್ಚಿದಳು, ತುಸು ತಡೆದಳು, ಇನ್ನೊಂದನ್ನೂ ಮುಚ್ಚಿದಳು.

ಒಳಗೆ ಚಿಲಕ ಬಿದ್ದ ಸದ್ದು ಕೇಳಿದ ಮೇಲೂ ಅವನು ಸ್ವಲ್ಪ ಹೊತ್ತು ಅಲ್ಲೇ ಇದ್ದ. ಬೀದಿಯಲ್ಲಿ ನೋಡಬೇಕಾದ ಮನೆಗಳು ಇನ್ನೂ ಬಹಳ ಇದ್ದವು. ಕೋಲೆತ್ತಿಕೊಂಡು ಮುಂದಿನ ಗೇಟಿಗೆ ನಡೆದ.