ಭಿಡೆಗೆ ಕೊಂಡ ಲ್ಯಾಪ್‌ಟಾಪ್

ನಮ್ಮ ಓಣಿಯ ಚಾಚಾ ಅವರ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ರೇಡಿಯೊ, ಟಿವಿ, ಆಮೇಲೆ ಕಂಪ್ಯೂಟರು ಎಂದು ಜೀವಮಾನವೆಲ್ಲ ಬೆಸುಗೆ ಹಾಕಿ ಸುಟ್ಟು ನುಣ್ಣಗಾದ ಬೆರಳು. ಬೆಟಗೇರಿಯ ರೇಷನ್ ಅಂಗಡಿಯ ಯಂತ್ರ ಅದನ್ನು ಒಪ್ಪುತ್ತಿರಲಿಲ್ಲ. ಪ್ರತಿ ತಿಂಗಳೂ ಚಾಚಿಯೇ ಹೋಗಿ ಹೆಬ್ಬೆಟ್ಟು ಒತ್ತಬೇಕು. "ಸರಕಾರದ ಪಾಲಿಗೆ ನಾ ಇಲ್ಲ ಬೇಟಿ" ಎಂದು ನಗುತ್ತಿದ್ದರು. ನಗು ಹೆಚ್ಚಾದರೆ ಕೆಮ್ಮು ಬರುತ್ತಿತ್ತು.

ಗದಗಿನ ಅಂಗಡಿಕಾರರಿಗೆ ಚಾಚಾ ಎಂದರೆ ತಲೆನೋವು. ಓಣಿಯ ಯಾರೇ ಲ್ಯಾಪ್‌ಟಾಪ್ ಕೊಳ್ಳಲು ಹೊರಟರೂ ಜೊತೆಗೆ ಹೋಗುವರು. ಡಬ್ಬಿಯ ಮೇಲಿನದನ್ನು ಓದುತ್ತಲೇ ಇರಲಿಲ್ಲ. "ಹಣಿಮ್ಯಾಲಿನ ಚೀಟಿ ಯಾರ ಬೇಕಾದ್ರೂ ಹಚ್ತಾರ. ಹೊಟ್ಟ್ಯಾಗ ಏನೈತಿ ನೋಡು" ಎನ್ನುತ್ತ, ಒಳಗಿನ ಪಟ್ಟಿ ತೆರೆದು, ಗ್ರಾಫಿಕ್ಸ್ ಕಾರ್ಡಿನ ಹೆಸರನ್ನು ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವರು. ಅದಾದ ಮೇಲೆ ಅಂಗಡಿಯ ವೈ-ಫೈಗೆ ಜೋಡಿಸಿ, ವಿಡಿಯೊ ಹಚ್ಚಿ, ಲ್ಯಾಪ್‌ಟಾಪ್ ಹೊತ್ತುಕೊಂಡು ಬೀದಿಗೆ ನಡೆದುಬಿಡುವರು. ಇನ್ನೊಂದು ಕೈಯಲ್ಲಿ ಮೊಬೈಲು, ಅದರಲ್ಲೂ ಅದೇ ವೈ-ಫೈ, ಅದೇ ವಿಡಿಯೊ. ಮೊಬೈಲು ಹಾಡುತ್ತಿರುವಾಗಲೇ ಲ್ಯಾಪ್‌ಟಾಪ್ ನಿಂತರೆ ಅದಕ್ಕೆ ದಮ್ಮಿಲ್ಲ, ಬೇಡ. ಕಳ್ಳನೆಂದು ಒಬ್ಬ ಅಂಗಡಿಯವ ಬೆನ್ನಟ್ಟಿದ್ದೂ ಉಂಟು.

ನಾನು ಸೀರೆಯ ಸೆರಗು, ಅಂಚುಗಳ ಡಿಸೈನ್ ಮಾಡುವವಳು. ಶಿಗ್ಲಿಯ ಮಗ್ಗದ ಮಾಲೀಕರೊಬ್ಬರು ಮೊದಲ ಸಲ ದೊಡ್ಡ ಕೆಲಸ ಕೊಡುತ್ತೇನೆಂದಿದ್ದರು. ಡಿಸೈನನ್ನು ವಿಡಿಯೊ ಕರೆಯಲ್ಲಿ ತೋರಿಸಬೇಕು, ಅವರು ಹೇಳಿದಂತೆ ಅಲ್ಲೇ ಬದಲಿಸಬೇಕು. ನಮ್ಮ ಮನೆಯಲ್ಲಿ ವೈ-ಫೈ ಇರುವುದು ಮುಂದಿನ ಪಡಸಾಲೆಯಲ್ಲಿ. ಅಲ್ಲಿ ಮಾವನವರ ಮಗ್ಗದ ಸದ್ದಿಗೆ ಮಾತೇ ಕೇಳಿಸದು. ನಾನು ಕೂರುವುದು ಎರಡು ಮಣ್ಣಿನ ಗೋಡೆ ದಾಟಿ, ಹಿಂದಿನ ಕೋಣೆಯಲ್ಲಿ. ಚಾಚಾ ಆ ಗೋಡೆಗಳನ್ನು ತಟ್ಟಿ ನೋಡಿ "ಇದಕ್ಕ ದಮ್ಮಿದ್ದದ್ದ ಬೇಕು" ಎಂದಿದ್ದರು.

ನಾವು ಹೋದ ಅಂಗಡಿ ನನ್ನ ಗಂಡನ ಸೋದರತ್ತೆಯ ಮಗನದು. ಚಾಚಾ ಕೀಲಿಗಳ ಮೇಲೆ ಬೆರಳಿಡುವಷ್ಟರಲ್ಲಿ ಅವನು, "ಗ್ರಾಫಿಕ್ಸ್ ಐತಿ ಅಂತ ಮ್ಯಾಲೆ ಬರದೈತಲ್ರಿ" ಎಂದ. ಚಾಚಾ ಕೇಳಿಸದವರಂತೆ ವೈ-ಫೈಗೆ ಜೋಡಿಸಿ, ವಿಡಿಯೊ ಹಚ್ಚಿ, ಲ್ಯಾಪ್‌ಟಾಪ್ ಎತ್ತಿಕೊಂಡು ಬಾಗಿಲಿಗೆ ನಡೆದರು. ಅವನು ನನ್ನತ್ತ ತಿರುಗಿ, "ಏನ್ರಿ ವೈನಿ, ಮನಿಯವರ ಮ್ಯಾಲೂ ನಂಬಿಕಿ ಇಲ್ಲೇನ್ರಿ?" ಎಂದು ನಕ್ಕ. ಅಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ನನಗೆ ಭಿಡೆಯಾಯಿತು, ದಾಕ್ಷಿಣ್ಯ ಅಡ್ಡ ಬಂತು.

"ಇರ್ಲಿ ಬಿಡ್ರಿ ಚಾಚಾ, ನಮ್ಮವರ ಅಂಗಡಿ" ಎಂದೆ.

ಚಾಚಾ ಅದನ್ನು ತಂದು ಎರಡೂ ಕೈಯಿಂದ ಮೇಜಿನ ಮೇಲಿಟ್ಟರು. ಹೊರಗೆ ಬಂದ ಮೇಲೆ "ಭಿಡೇಕ ಬಸರಾದ್ರ..." ಎಂದವರು, ನಾನು ಹೆಣ್ಣುಮಗಳೆಂದು ನೆನಪಾಗಿ ಗಾದೆಯನ್ನು ಅರ್ಧಕ್ಕೇ ನುಂಗಿದರು. ಹಡೆಯಲು ಜಾಗವಿಲ್ಲ ಎಂಬ ಉಳಿದರ್ಧ ನನಗೂ ಗೊತ್ತಿತ್ತು.

ಹಿಂದಿನ ಕೋಣೆಗೆ ಬಂದರೆ ವೈ-ಫೈ ಸತ್ತೇ ಹೋಗುತ್ತಿತ್ತು. ಸೆರಗಿನ ಡಿಸೈನ್ ತೆರೆದರೆ ಪರದೆ ಅಲುಗಾಡದೆ ನಿಲ್ಲುತ್ತಿತ್ತು. ಮೂರನೆಯ ಕರೆಯೂ ಕಡಿದಾಗ ಶಿಗ್ಲಿಯವರು ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಗಂಡನ ಕಡೆಯ ನಂಟು. ಲ್ಯಾಪ್‌ಟಾಪ್ ಮರಳಿಸುತ್ತೇನೆನ್ನಲು ನನಗೆ ಬಾಯಿ ಬರಲಿಲ್ಲ.

ಸುದ್ದಿ ಕೇಳಿ ಚಾಚಾ ತಾವಾಗಿಯೇ ಬಂದರು. ತಿರುಪು ಬಿಚ್ಚಿ ನೋಡಿದರೆ ಯಾರೋ ಮೊದಲೇ ಒಳಗೆ ಕೈಯಾಡಿಸಿದ್ದರು. ಆಂಟೆನಾದ ಸಣ್ಣ ತಂತಿ ತುಂಡಾಗಿತ್ತು. ಬರೆದಿದ್ದ ಗ್ರಾಫಿಕ್ಸ್ ಕಾರ್ಡಂತೂ ಇರಲೇ ಇಲ್ಲ. "ತಂತಿಗೆ ಬೆಸಗಿ ಹಾಕ್ತೀನಿ. ಗ್ರಾಫಿಕ್ಸ್ ಹುಟ್ಟಿದಾಗನ ಬರಬೇಕು, ನನ್ನ ಕೈಲೆ ಆಗೂದಿಲ್ಲ" ಎಂದರು. ಮೂರು ಮಧ್ಯಾಹ್ನ ಕಿಟಕಿಯಿಲ್ಲದ ನನ್ನ ಕೋಣೆಯಲ್ಲಿ ಬೆಸುಗೆಯ ಹೊಗೆಯ ಮೇಲೆ ಬಗ್ಗಿ ಕುಳಿತರು. ಕೆಮ್ಮು ಬಂದರೆ ಕೈ ಅಲುಗಿ ತಂತಿ ಬಿಡುತ್ತಿತ್ತು, ಮತ್ತೆ ಮೊದಲಿನಿಂದ. ನಾನು ನೀರು ಕೊಡುತ್ತಿದ್ದೆ. ತಪ್ಪಾಯಿತು ಎನ್ನುವ ಮಾತು ಬಾಯಿತನಕ ಬಂದು ಹಿಂದಕ್ಕೆ ಹೋಗುತ್ತಿತ್ತು. ಮೂರನೆಯ ದಿನ ಕೋಣೆಗೆ ವೈ-ಫೈ ಬಂತು.

ಹದಿನೈದು ದಿನಕ್ಕೆ ಚಾಚಾ ತೀರಿಕೊಂಡರು. ಎದೆ ಮೊದಲೇ ಕೆಟ್ಟಿತ್ತಂತೆ, ಹೊಗೆ ಸೋಕಲೇಬಾರದೆಂದು ಡಾಕ್ಟರು ಹೇಳಿದ್ದರಂತೆ. ಮಾತಾಡಿಸಲು ಹೋದಾಗ ಚಾಚಿ ಹೇಳಿದರು. ಅವರ ದನಿಯಲ್ಲಿ ದೂರಿರಲಿಲ್ಲ. ದೇವರಾಣೆ, ದೂರಿದ್ದರೆ ನನಗೆ ಹಗುರಾಗುತ್ತಿತ್ತು.

"ನಿನ್ನ ಕೆಲಸ ಹೋತಂತ ಭಾಳ ಹಳಹಳಿಸ್ತಿದ್ರು ಬೇಟಿ. 'ಹುಡುಗಿ ನನ್ನ ನಂಬಿ ಕರಕೊಂಡ ಹೋಗಿತ್ತು, ಅಂಗಡ್ಯಾಗ ನಾನ ಸರಿಯಾಗಿ ನೋಡಲಿಲ್ಲ' ಅಂತ ಕಡೀಮಟಾ ಅದ ಮಾತು. ಅವರ ಮ್ಯಾಲೆ ಸಿಟ್ಟು ಇಟ್ಕೋಬ್ಯಾಡ."

ನಾನು ಇಲ್ಲ, ಇಲ್ಲ ಎಂದು ತಲೆಯಾಡಿಸಿದೆ. ಸಿಟ್ಟಿಲ್ಲ ಎನ್ನುತ್ತಿದ್ದೇನೆಂದು ತಿಳಿದು ಚಾಚಿ ನನ್ನ ಕೈ ಹಿಡಿದುಕೊಂಡರು. ನಾನು ಹಿಡಿಸಿಕೊಂಡೇ ಕುಳಿತೆ.