ಎರಡನೇ ಸಲ ಕೇಳದ ಊರು

ಇಂಗ್ರಿಡ್ ತರಗತಿಯೊಳಗೆ ಬಂದ ಕೂಡಲೇ ಎದ್ದು ನಿಂತವಳು ನಾನೊಬ್ಬಳೇ. ಉಳಿದವರು ಕಾಫಿ ಹೀರುತ್ತ ಕೂತೇ ಇದ್ದರು. "ಹೊರಗೆ ಹೋಗಬೇಕಿತ್ತಾ?" ಎಂದು ಆಕೆ ಕೇಳಿದರು. ಇಲ್ಲವೆಂದು ತಲೆಯಾಡಿಸಿ ಕುಳಿತೆ. ನಮ್ಮಮ್ಮನ ವಯಸ್ಸಿನ ಟೀಚರನ್ನು ಎಲ್ಲರೂ ಹೆಸರು ಹಿಡಿದೇ ಕೂಗುತ್ತಿದ್ದರು. ಚಿತ್ರದುರ್ಗದ ಹೈಸ್ಕೂಲಿನಲ್ಲಿ ಮಕ್ಕಳಿಂದ "ಮಿಸ್" ಎನಿಸಿಕೊಂಡಿದ್ದವಳು ನಾನು. ಆ ಬರಿಯ ಹೆಸರು ನನ್ನ ನಾಲಿಗೆಗೆ ಬರಲು ತಿಂಗಳುಗಳೇ ಬೇಕಾದವು.

ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ಗೆ ನಾವು ಬಂದದ್ದು ನಮ್ಮ ಮನೆಯವರು ಪ್ರಕಾಶ್ ಅವರ ಎಂಜಿನಿಯರ್ ಕೆಲಸದಿಂದ. ನನ್ನ ಬಿ.ಎಡ್. ಇಲ್ಲಿ ಯಾರಿಗೂ ಬೇಕಿರಲಿಲ್ಲ. ಮೊದಲು ಕೊಮ್‌ವುಕ್ಸ್‌ಗೆ ಸೇರು ಎಂದರು. ಅದು ಕೊಮ್ಯೂನ್, ಅಂದರೆ ಇಲ್ಲಿನ ನಗರಸಭೆ, ದೊಡ್ಡವರಿಗಾಗಿ ನಡೆಸುವ ಶಾಲೆ. ಅಲ್ಲಿಂದ ಯೂನಿವರ್ಸಿಟಿಗೂ ಹೋಗಬಹುದು, ಕೆಲಸಕ್ಕೂ ಸೇರಬಹುದು. ನಮ್ಮೂರಲ್ಲಾದರೆ ಫೇಲಾದವರ ಟ್ಯುಟೋರಿಯಲ್ ಎಂದು ಮೂಗು ಮುರಿಯುತ್ತಿದ್ದರು. ಇಲ್ಲಿ ತಲೆ ನರೆತ ಬಸ್ ಡ್ರೈವರ್ ಕೂಡ ಚೀಲ ಹೆಗಲಿಗೇರಿಸಿ ಬರುತ್ತಾನೆ, ಯಾರೂ ತಿರುಗಿ ನೋಡುವುದಿಲ್ಲ. ನಾನು ಮಕ್ಕಳ ಪಾಲನೆಯ ಕೋರ್ಸು ಹಿಡಿದೆ. ಅದು ಮುಗಿಯಬೇಕಾದರೆ ಡಾಗಿಸ್‌ನಲ್ಲಿ, ಎಂದರೆ ಶಿಶುವಿಹಾರದಲ್ಲಿ, ಕೆಲವು ವಾರ ತರಬೇತಿ ಮಾಡಲೇಬೇಕು. ಮತ್ತೆ ಮಕ್ಕಳ ನಡುವೆ ನಿಲ್ಲಲು ನನಗಿದ್ದ ದಾರಿ ಅದೊಂದೇ.

ಒಂದು ದಿನ ಇಂಗ್ರಿಡ್ ಕೇಳಿದರು: "ನಿನ್ನ ಮನೆ ಹತ್ತಿರದ ಡಾಗಿಸ್‌ನಲ್ಲಿ ಒಂದು ಜಾಗ ಇದೆ. ಬೇಕಾ?"

ನನಗದು ಬೇಕೇ ಬೇಕಿತ್ತು. ಬಾಯಿ ಮಾತ್ರ ಹಳೇ ಅಭ್ಯಾಸ ಬಿಡಲಿಲ್ಲ. "ಅಯ್ಯೋ, ಪರವಾಗಿಲ್ಲ, ಬೇರೆಯವರಿಗೆ ಕೊಡಿ" ಎಂದೆ. ಮತ್ತೊಮ್ಮೆ ಒತ್ತಾಯ ಮಾಡುತ್ತಾರೆ, ಆಗ ಒಪ್ಪಿಕೊಂಡರಾಯಿತು ಎಂದು ಕಾದೆ. ಇಂಗ್ರಿಡ್ "ಸರಿ" ಎಂದವರೇ ಪಕ್ಕದಲ್ಲಿದ್ದ ಅಮ್ರಾಳನ್ನು ಕೇಳಿದರು. ಬೋಸ್ನಿಯಾದ ಆ ಹುಡುಗಿ ತಡಮಾಡದೆ "ಬೇಕು" ಎಂದಳು. ನನಗೆ ಅಳುವೇ ಬಂತು.

"ಬೇಕು ಅನ್ನೋಕೆ ಏನಾಗಿತ್ತೇ ನಿಂಗೆ?" ಮನೆಯಲ್ಲಿ ಪ್ರಕಾಶ್ ರೇಗಿದರು.

"ಇನ್ನೊಂದ್ಸಲ ಕೇಳ್ತಾರೆ ಅನ್ಕೊಂಡೆ ಕಣ್ರೀ."

"ಇದೇನು ಬೀಗರ ಮನೆ ಊಟಾನಾ, ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ ಅಂತ ಬಲವಂತ ಮಾಡೋಕೆ?"

ಮರುದಿನ ಇಂಗ್ರಿಡ್ ಮುಂದೆ ನಿಂತು, ನಮ್ಮಲ್ಲಿ ಊಟಕ್ಕೆ ಬಡಿಸುವಾಗಲೂ ಮೊದಲ ಸಲ ಬೇಡ ಅನ್ನುವುದು ಮರ್ಯಾದೆಗೆ ಎಂದು ಹರಕುಮುರುಕು ಸ್ವೀಡಿಷ್‌ನಲ್ಲಿ ವಿವರಿಸಿದೆ.

"ಹಾಗಾದರೆ ನಿಜವಾಗಿ ಬೇಡದವರು ಏನು ಮಾಡುತ್ತಾರೆ?" ಎಂದರು.

"ತಿಂದುಬಿಡುತ್ತಾರೆ" ಎಂದೆ.

ಇಂಗ್ರಿಡ್ ಬಿದ್ದು ಬಿದ್ದು ನಕ್ಕರು. ಆದರೆ ಅಮ್ರಾಳಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳಲಿಲ್ಲ, ಅದು ಸರಿಯೂ ಹೌದು. ಊರಿನ ಇನ್ನೊಂದು ತುದಿಯ ಡಾಗಿಸ್‌ನಲ್ಲಿ ಜಾಗವಿತ್ತು, ಬಸ್ಸು ಬದಲಿಸಿ ಹೋಗಬೇಕು. "ಬೇಕಾ?" ಎಂದರು. "ಬೇಕು!" ಎಂದು ನಾನು ಕೂಗಿದ್ದಕ್ಕೆ ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಆ ಚಳಿಗಾಲದಲ್ಲಿ ಕತ್ತಲಲ್ಲೇ ಬಸ್ಸು ಹತ್ತಿದೆ. ಮಕ್ಕಳಿಗೆ ನಾನು ದಪ್ಪ ಉಡುಪಿನ ಜಿಪ್ಪು ಎಳೆದೆ, ಅವು ನನ್ನ ಉಚ್ಚಾರ ತಿದ್ದಿದವು. ತರಬೇತಿ ಮುಗಿದಾಗ ಅಲ್ಲಿನ ಮುಖ್ಯಸ್ಥೆ, ಬೇಸಿಗೆಯಲ್ಲಿ, ಅಂದರೆ ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ, ಕಾಯಂ ಸಿಬ್ಬಂದಿ ರಜೆಯ ಮೇಲೆ ಹೋಗುತ್ತಾರೆ, ಅವರ ಬದಲಿಗೆ ಬರುತ್ತೀಯಾ ಎಂದು ಕೇಳಿದರು. ಅವರ ಮಾತು ಮುಗಿಯುವ ಮೊದಲೇ ಹೂಂ ಅಂದಿದ್ದೆ. ಖುಷಿಗೆ ಬಸ್ಸನ್ನೂ ಹತ್ತದೆ ನಡೆದೇ ಮನೆಗೆ ಬಂದೆ.

ಆ ಭಾನುವಾರ ಕಾಲಿಂಗ್ ಕಾರ್ಡ್ ಉಜ್ಜಿ ಅಮ್ಮನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಶ್ರಾವಣ ಹುಟ್ಟಿದ ತಕ್ಷಣ ಶೋಭಂಗೆ ಸೀಮಂತ. ನೀನು ಬರ್ತೀಯಲ್ವಾ?" ಎಂದಳು. ಶೋಭಾ ನನ್ನ ಒಬ್ಬಳೇ ತಂಗಿ.

"ಇಲ್ಲಮ್ಮ, ಆಗಲ್ಲ. ನಂಗೆ ಕೆಲಸ ಸಿಕ್ಕಿದೆ" ಎಂದೆ.

ಲೈನು ಕಟ್ಟಾಯಿತೇನೋ ಎಂದು "ಹಲೋ, ಹಲೋ" ಅಂದೆ.

"ಕೇಳಿಸ್ತು ಕಣೇ" ಎಂದಳು. "ನೋಡೋಣ ಅಂತನಾದ್ರೂ ಅನ್ನಬಾರದಿತ್ತೇನೇ?"