ಏದುಸಿರಿನ ಆಟ

ಗುಂಡಿಯಣ್ಣ ಸತ್ತ ಮೇಲೆ ಅಂಗಡಿಯ ಶಟರ್ ಎತ್ತುವ ಕೆಲಸ ಅವನ ಹೆಂಡತಿಯ ಪಾಲಿಗೆ ಬಂತು. ಅದು ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಅವನಾದರೆ ಮಂಡಿಯಿಂದ ಒಂದು ಗುದ್ದು ಕೊಡುತ್ತಿದ್ದ, ಸರ್ರನೆ ಮೇಲೆ ಹೋಗುತ್ತಿತ್ತು. ಅವಳ ಗುದ್ದಿಗೆ ಅದು ಜಗ್ಗಲಿಲ್ಲ. ಬಗ್ಗಿ ಒಳಗೆ ನುಸುಳುತ್ತಿದ್ದಳು. ಅರ್ಧ ಮುಚ್ಚಿದ ಅಂಗಡಿಗೆ ಗಿರಾಕಿ ಬರುವುದಿಲ್ಲ. ಬರಲಿ ಅಂತ ಅವಳೂ ಕಾಯುತ್ತಿರಲಿಲ್ಲ.

ಅದು ವಿಡಿಯೋ ಗೇಮ್ ಅಂಗಡಿ. ಒಂದು ಕಾಲದಲ್ಲಿ ಆಳೆತ್ತರದ ಪೆಟ್ಟಿಗೆಗಳು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿದ್ದವು. ನಾಣ್ಯ ಹಾಕು, ಆಡು, ಸಾಯಿ, ಇನ್ನೊಂದು ನಾಣ್ಯ ಹಾಕು. ಇಷ್ಟೇ ವ್ಯಾಪಾರ. ಪೆಟ್ಟಿಗೆಗಳ ರಿಪೇರಿಯೆಲ್ಲ ಅವನೇ ಮಾಡುತ್ತಿದ್ದ. ಅಂಗಿಯ ಜೇಬಿನಲ್ಲಿ ಯಾವಾಗಲೂ ಅವುಗಳಿಂದ ಬಿಚ್ಚಿದ ಪ್ಲಾಸ್ಟಿಕ್ ಗುಂಡಿಗಳು ಗಲಗಲ ಅನ್ನುತ್ತಿದ್ದವು. ಆ ಹೆಸರು ಬಂದಿದ್ದೇ ಅದರಿಂದ. ಒಗೆಯುವ ಮುಂಚೆ ಜೇಬು ತಡಕುವುದು ಅವಳಿಗೆ ಮದುವೆಯಾದ ಹೊಸದರಲ್ಲೇ ರೂಢಿಯಾಯಿತು. ಈಗಲೂ ಕೈ ತಡಕುತ್ತದೆ. ಅವಳ ಬಟ್ಟೆಗೆ ಜೇಬೇ ಇಲ್ಲ.

ಎಲ್ಲರ ಕೈಗೂ ಫೋನು ಬಂದ ಮೇಲೆ ಪೆಟ್ಟಿಗೆಗಳು ಒಂದೊಂದಾಗಿ ಹೋದವು. ಮೂಲೆಯಲ್ಲಿ ಒಂದು ಮಾತ್ರ ಉಳಿಯಿತು. ಹೊಡೆದಾಟದ ಆಟ ಅದು. ಹಣೆಯ ಮೇಲಿನ ಹೆಸರು ಎಂದೋ ಕಿತ್ತುಹೋಗಿತ್ತು. ಹುಡುಗರು ಏದುಸಿರು ಅಂತ ಆಡಿಕೊಂಡರು, ಅದೇ ಹೆಸರಾಯಿತು.

ಆಡಿಕೊಳ್ಳುವುದಕ್ಕೆ ಕಾರಣವೂ ಇತ್ತು. ಬೇರೆ ಹೊಡೆದಾಟದ ಆಟಗಳಲ್ಲಿ ಬೆಂಕಿ ಹಾರುತ್ತದೆ, ಮಿಂಚು ಹೊಡೆಯುತ್ತದೆ, ಹೀರೋಗಳ ಎದೆ ಅಗಸೆಬಾಗಿಲಿನಷ್ಟು ಅಗಲ. ಇದರಲ್ಲಿ ಮೂಟೆ ಹೊರುವ ಹಮಾಲಿ, ಹೊಟ್ಟೆ ಬಂದ ಕಟುಕ, ಬಟ್ಟೆಗಂಟು ಹೊತ್ತ ಮುದುಕಿ, ಇಂಥವರೇ. ಗುಂಡಿ ಬರೀ ಮೂರು. ಒಂದು ಹೊಡೆಯುವುದಕ್ಕೆ, ಒಂದು ತಡೆಯುವುದಕ್ಕೆ, ಮೂರನೆಯದು ಉಸಿರು ತೆಗೆದುಕೊಳ್ಳುವುದಕ್ಕೆ. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ನಿನ್ನ ಆಳು ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿರುತ್ತಾನೆ, ಯಾರು ಬೇಕಾದರೂ ಬಂದು ಬಾರಿಸಬಹುದು. ಒತ್ತದೇ ಇದ್ದರೆ ಕೈ ಏಳುವುದಿಲ್ಲ. ಹಣ ಕೊಟ್ಟು ಯಾರು ಬಾಯಿ ತೆರೆದು ನಿಲ್ಲುತ್ತಾರೆ? ಹುಡುಗರು ಒಂದು ಸಲ ಆಡಿ, ಪೆಟ್ಟಿಗೆಯ ಕಾಲಿಗೆ ಒದ್ದು, ಪಕ್ಕದ್ದಕ್ಕೆ ಹೋಗುತ್ತಿದ್ದರು.

ಗುಂಡಿಯಣ್ಣ ಮಾತ್ರ ಇಂಥ ಆಟ ಇನ್ನೊಂದಿಲ್ಲ ಅನ್ನುತ್ತಿದ್ದ. ಬೇರೆ ಆಟಗಳಲ್ಲಿ ಯಾರ ಜೀವ ಎಷ್ಟು ಉಳಿದಿದೆ ಅಂತ ಮೇಲೆ ಒಂದು ಬಣ್ಣದ ಪಟ್ಟಿ ತೋರಿಸುತ್ತದೆ, ಜನ ಆ ಪಟ್ಟಿ ನೋಡುತ್ತಾರೆ, ಆಳನ್ನು ನೋಡುವುದಿಲ್ಲ. ಇದರಲ್ಲಿ ಪಟ್ಟಿ ಇಲ್ಲ. ಎದುರಿನವನ ಭುಜ ಇಳಿದಿದೆಯಾ, ಕಾಲು ಎಳೆಯುತ್ತಿದ್ದಾನಾ, ಕೈ ಮಂಡಿಯ ಮೇಲೆ ಹೋಯಿತಾ, ಅದನ್ನು ನೋಡಬೇಕು. ಮೊದಲನೇ ಸುತ್ತಿನಲ್ಲಿ ಕಾಲಿಗೆ ಬಿದ್ದ ಏಟು ಎರಡನೇ ಸುತ್ತಿಗೂ ಕುಂಟುತ್ತಲೇ ಬರುತ್ತದೆ. ಕೊನೆಗೆ ಗೆದ್ದವನು ಕುಣಿಯುವುದಿಲ್ಲ. ನಿಲ್ಲಲು ತ್ರಾಣವಿಲ್ಲದೆ ಸೋತವನ ಪಕ್ಕದಲ್ಲೇ ಕುಸಿದು ಕೂರುತ್ತಾನೆ. ಇಬ್ಬರೂ ಏದುಸಿರು ಬಿಡುತ್ತಾರೆ. ಆಟ ಮುಗಿಯಿತು.

ಆದರೆ ಒಬ್ಬರೇ ಆಡಿದರೆ ಇದೇನೂ ಕಾಣುವುದಿಲ್ಲ. ಪೆಟ್ಟಿಗೆ ತಾನೇ ಎದುರಾಳಿಯಾದರೆ ಗಾಣದ ಎತ್ತಿನ ಹಾಗೆ ಬಂದಿದ್ದೇ ಬರುತ್ತದೆ, ಹೊಡೆದಿದ್ದೇ ಹೊಡೆಯುತ್ತದೆ. ಎರಡನೇ ಕೋಲಿಗೆ ಮನುಷ್ಯರು ಬೇಕು. ಜಾಯ್‌ಸ್ಟಿಕ್ಕಿಗೆ ಗಂಡಹೆಂಡತಿ ಕೋಲು ಅಂತಲೇ ಅನ್ನುತ್ತಿದ್ದರು.

ಎರಡನೇ ಕೋಲು ಅವಳದು. ಮಧ್ಯಾಹ್ನ ಊಟದ ಡಬ್ಬಿ ತರುತ್ತಿದ್ದಳು. ಅವನು ಕೈ ತೊಳೆದು ಬಂದವನೇ, "ಬಾರೇ, ಒಂದು ಕೈ ನೋಡೇಬಿಡೋಣ," ಅನ್ನುತ್ತಿದ್ದ. ಅವನು ಹಮಾಲಿ, ಅವಳು ಮುದುಕಿ. ಮನೆಯಲ್ಲಿ ಮಾತು ಬಿಟ್ಟ ದಿನವೂ ಇಲ್ಲಿ ಕೋಲು ಬಿಡಲಿಲ್ಲ. ಅವಳು ಗೆದ್ದರೆ ಮುದುಕಿ ಗಂಟು ಕೆಳಗಿಟ್ಟು ಹಮಾಲಿಯ ಪಕ್ಕ ಕೂರುತ್ತಿದ್ದಳು. ಅವನು ಗೆದ್ದರೆ ಹಮಾಲಿ ಮುದುಕಿಯ ಪಕ್ಕ. ಅವಳು ಗೆಲ್ಲುತ್ತಿದ್ದುದೇ ಹೆಚ್ಚು. ಅದರ ಹೆಮ್ಮೆ ಅವಳಿಗೆ ಚೆನ್ನಾಗಿಯೇ ಇತ್ತು. ಓದು ತಲೆಗೆ ಹತ್ತಲಿಲ್ಲ, ಇದಾದರೂ ಕೈಗೆ ಹತ್ತಿತಲ್ಲ ಅಂದುಕೊಳ್ಳುತ್ತಿದ್ದಳು.

ಅಪರೂಪಕ್ಕೆ ಯಾರಾದರೂ ಹೊಸಬ ಆ ಪೆಟ್ಟಿಗೆಯ ಮುಂದೆ ನಿಂತರೆ ಗುಂಡಿಯಣ್ಣ ಕೆಲಸ ಬಿಟ್ಟು ಪಕ್ಕಕ್ಕೆ ಹೋಗುತ್ತಿದ್ದ. ಕೋಲು ಹಿಡಿಯಲು ಬಾರದವನ ಜೊತೆಯೂ ಆಟ ಎಳೆದು ಎಳೆದು ಕೊನೆಯ ಉಸಿರಿನವರೆಗೆ ತಂದು ಸೋಲುತ್ತಿದ್ದ. ಅವಳಿಗೆ ಮೈ ಉರಿಯುತ್ತಿತ್ತು.

"ರೀ, ನಿನ್ನೆ ಮೊನ್ನೆ ಬಂದವನ ಕೈಲಿ ಒದೆ ತಿನ್ನೋಕೆ ನಾಚಿಕೆ ಆಗಲ್ವಾ?"

"ಸೋತಿಲ್ಲ ಕಣೇ. ಆಟ ತೋರಿಸಿದೆ."

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ," ಅಂದು ಅವಳು ಡಬ್ಬಿ ಮುಚ್ಚುತ್ತಿದ್ದಳು.

ಅವನ ಭುಜ ಇಳಿದಿದ್ದು ಮೊದಲು ಕಂಡಿದ್ದು ಅವಳಿಗೇ. ಅಷ್ಟು ವರ್ಷ ನೋಡಿದ ಕಣ್ಣು, ಕಾಣದೆ ಇರುತ್ತದೆಯೇ. ಮನೆಯ ಮೆಟ್ಟಿಲ ತಿರುವಿನಲ್ಲಿ ನಿಂತು ಮಂಡಿಯ ಮೇಲೆ ಕೈ ಇಟ್ಟಿದ್ದ. ಏನಾಯ್ತು ಅಂದರೆ, "ಮೂರನೇ ಗುಂಡಿ ಒತ್ಕೊಂಡಿದೀನಿ, ತಡಿ," ಅಂದ. ಅವಳು ನಗಲಿಲ್ಲ. ಮಾರನೇ ದಿನವೇ ಎಳೆದುಕೊಂಡು ಆಸ್ಪತ್ರೆಗೆ ಹೋದಳು. ಹೃದಯ ದಣಿದಿದೆ ಅಂದರು, ಮಾತ್ರೆ ಕೊಟ್ಟರು, ನುಂಗಿದ. ಅವಳು ಮಾಡುವುದನ್ನೆಲ್ಲ ಮಾಡಿದಳು. ಕಂಡೂ ಏನು ಬಂತು. ಒಂದು ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕೂತವನು ಏಳಲೇ ಇಲ್ಲ. ಅವಳು ಪಕ್ಕದಲ್ಲಿ ಕೂತಳು. ಏದುಸಿರು ಅವಳೊಬ್ಬಳದೇ ಕೇಳುತ್ತಿತ್ತು.

ಕಟ್ಟಡದವರು ಅಂಗಡಿ ಖಾಲಿ ಮಾಡಿ ಅಂದರು. ಅವಳ ಮೈದುನ ಟೆಂಪೋ ಓಡಿಸುವವನು, ಹಳೇ ಪೆಟ್ಟಿಗೆ ಕೊಳ್ಳುವ ವ್ಯಾಪಾರಿಯನ್ನು ಹುಡುಕಿಕೊಂಡು ಬಂದ. ಮನೆಗೆ ಒಯ್ಯೋಣ ಅಂದರೆ ಆ ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಹಾಯುವುದಿಲ್ಲ. ಮೈದುನ ಅಳೆದು ನೋಡಿದ್ದ. ವ್ಯಾಪಾರಿಗೆ ದೊಡ್ಡ ಹಾಲ್ ಇತ್ತು, ಹಳೇ ಆಟ ಆಡಲು ಈಗಲೂ ಅಲ್ಲಿಗೆ ಜನ ಬರುತ್ತಿದ್ದರಂತೆ. ಅವಳು ಕೇಳಿದ್ದು ಒಂದೇ. ಪೆಟ್ಟಿಗೆ ತಗೊಳ್ಳಿ, ಆದರೆ ಒಳಗಿನ ಆಟ ಹಾಗೇ ಇರಲಿ, ಜನ ಆಡಲಿ.

ವ್ಯಾಪಾರಿ ಕೆಟ್ಟವನಲ್ಲ. ಚೆನ್ನಾಗಿದ್ದರೆ ಹಾಗೇ ಇಡುತ್ತೇನೆ, ಇಲ್ಲವಾದರೆ ಒಳಗೆ ಆಟ ಇರುವ ಬೋರ್ಡ್ ಕಿತ್ತು ಗಿರಾಕಿ ಬರುವ ಬೇರೆ ಆಟ ಕೂರಿಸುತ್ತೇನೆ ಅಂದ. ಸ್ವಿಚ್ ಹಾಕಿದರು. ಚಿತ್ರ ಸ್ವಲ್ಪ ಹೊತ್ತು ನಡುಗಿ ನಿಂತಿತು. ಅವನು ಒಬ್ಬನೇ ಆಡಿದ. ಪೆಟ್ಟಿಗೆಯ ಕಟುಕ ಬಂದಿದ್ದೇ ಬಂದ, ಹೊಡೆದಿದ್ದೇ ಹೊಡೆದ. ವ್ಯಾಪಾರಿ ಆಕಳಿಸಿದ.

"ಒಬ್ಬರೇ ಆಡಿದ್ರೆ ಗೊತ್ತಾಗಲ್ಲ. ನನ್ನ ಜೊತೆ ಆಡಿ," ಅಂದಳು.

ಅವನು ಮೈದುನನ ಮುಖ ನೋಡಿದ. ಮೈದುನ, "ಅತ್ತಿಗೇನ ಏನಂದ್ಕೊಂಡ್ರಿ? ನಮ್ಮಣ್ಣನ್ನೇ ಮಣ್ಣು ಮುಕ್ಕಿಸ್ತಿದ್ರು," ಅಂದ.

ಅವಳು ಎರಡನೇ ಕೋಲಿಗೆ ಬಂದಳು. ಗಂಡ ಸತ್ತ ಮೇಲೆ ಅದನ್ನು ಮುಟ್ಟಿರಲಿಲ್ಲ. ಆಟದ ಯೋಗ್ಯತೆ ಇವನಿಗೆ ಗೊತ್ತಾಗಬೇಕಾದರೆ ಚೆನ್ನಾಗಿ ಆಡಿ ಗೆಲ್ಲಬೇಕು ಅಂದುಕೊಂಡಳು. ಇದರಲ್ಲೂ ಕೈಚಳಕ ಇದೆ ಅಂತ ತೋರಿಸಬೇಕು. ವ್ಯಾಪಾರಿ ಹಮಾಲಿಯನ್ನು ಆರಿಸಿಕೊಂಡ. ಅದು ಅವಳಿಗೆ ಚುಚ್ಚಿತು. ಕೈ ತಡೆಯಲಿಲ್ಲ. ಹಮಾಲಿ ಮುಂದೆ ಬಂದ, ಕಾಲಿಗೆ ಕೊಟ್ಟಳು. ಭುಜ ಇಳಿಯಿತು, ಎದೆಗೆ ಕೊಟ್ಟಳು. ಬಿದ್ದ. ಎರಡನೇ ಸುತ್ತಿಗೆ ಕುಂಟುತ್ತಾ ಬಂದ, ಬಂದ ಹಾಗೇ ಬಿದ್ದ. ಕಣ್ಣು ಮಿಟುಕಿಸುವುದರಲ್ಲಿ ಮುಗಿದುಹೋಯಿತು. ವ್ಯಾಪಾರಿ ಮೂರನೇ ಗುಂಡಿ ಮುಟ್ಟಿಯೇ ಇರಲಿಲ್ಲ.

ಅವಳು ತೆರೆಯನ್ನೇ ನೋಡುತ್ತಿದ್ದಳು. ಮುದುಕಿ ಈಗ ಗಂಟು ಇಳಿಸಿ ಹಮಾಲಿಯ ಪಕ್ಕ ಕೂರಬೇಕು. ಕೂರಲಿಲ್ಲ. ನೆಟ್ಟಗೆ ನಿಂತಿದ್ದಳು. ಗಂಟನ್ನು ತಲೆಯ ಮೇಲೆ ಸರಿಮಾಡಿಕೊಂಡು, ಬಿದ್ದವನ ಕಡೆ ತಿರುಗಿಯೂ ನೋಡದೆ, ತೆರೆಯ ಅಂಚಿಗೆ ನಡೆದುಹೋದಳು. ದಣಿದಿರಲೇ ಇಲ್ಲವಲ್ಲ.

ಇಷ್ಟು ವರ್ಷದಲ್ಲಿ ಮುದುಕಿ ಹಾಗೆ ಹೋಗಿದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಸೋತರೂ ಗೆದ್ದರೂ ಇಬ್ಬರೂ ಪಕ್ಕದಲ್ಲಿ ಕೂತೇ ಆಟ ಮುಗಿಯುತ್ತಿತ್ತು. ಹಾಗೆ ಮುಗಿಯುವಂತೆ ಇನ್ನೊಂದು ಕೋಲಿನಲ್ಲಿ ಒಬ್ಬ ನಿಂತು ಆಡಿಸುತ್ತಿದ್ದ. ಹೊಸಬರಿಗೆ ಮಾಡಿದ್ದನ್ನೇ ಅವಳಿಗೂ ಮಾಡುತ್ತಿದ್ದ. ದಿನಾ. ಇವಳು ಗೆದ್ದೆ ಅಂತ ಡಬ್ಬಿ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದಳು.

"ಇಷ್ಟೇನಾ?" ಅಂದ ವ್ಯಾಪಾರಿ.

"ಇನ್ನೊಂದು ಸಲ ಆಡಿ. ನಾನು ಸರಿಯಾಗಿ ಆಡಲಿಲ್ಲ."

"ಇನ್ನೂ ಸರಿಯಾಗಿ ಬೇರೆ ಆಡ್ತೀರಾ? ಬೇಡಮ್ಮ, ನನಗೂ ಮರ್ಯಾದೆ ಇದೆ." ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. "ಪೆಟ್ಟಿಗೆ ಗಟ್ಟಿಯಾಗಿದೆ, ಚಿತ್ರದ ಟ್ಯೂಬೂ ಚೆನ್ನಾಗಿದೆ. ಆಟ ನಡೆಯಲ್ಲ. ಬೇಜಾರು ಮಾಡ್ಕೋಬೇಡಿ."

ಹೇಗೆ ಹೇಳುವುದು? ಹೇಳಿ ತಿಳಿಸುವ ಆಟವಲ್ಲ ಅದು. ತೋರಿಸಲು ಗೊತ್ತಿದ್ದವನು ಹೋಗಿಬಿಟ್ಟಿದ್ದ. ಅವಳಿಗೆ ಬರುತ್ತಿದ್ದುದು ಗೆಲ್ಲುವುದೊಂದೇ.

ವ್ಯಾಪಾರಿ ಹಿಂಬದಿಯ ಬಾಗಿಲು ತೆಗೆದು ಬೋರ್ಡ್ ಬಿಚ್ಚಿ ಅವಳ ಕೈಗೆ ಕೊಟ್ಟ. ಊಟದ ತಟ್ಟೆಯಷ್ಟು ಅಗಲದ ಹಸಿರು ಹಲಗೆ. ಇನ್ನೂ ಬೆಚ್ಚಗಿತ್ತು. ಪೆಟ್ಟಿಗೆಯನ್ನು ಟೆಂಪೋಗೆ ಏರಿಸುವಾಗ ಮೈದುನ ಕೇಳಿದ, "ಅದನ್ನ ಇಟ್ಕೊಂಡು ಏನ್ ಮಾಡ್ತೀರಿ ಅತ್ತಿಗೆ?"

"ಏನೂ ಇಲ್ಲ," ಅಂದಳು.

ಟೆಂಪೋ ಹೋಗುವುದರೊಳಗೆ ಹಲಗೆ ತಣ್ಣಗಾಗಿತ್ತು. ಮೈದುನ ಪೂರ್ತಿ ಎತ್ತಿಕೊಟ್ಟಿದ್ದ ಶಟರ್ ಎಳೆದಳು. ಅರ್ಧಕ್ಕೆ ನಿಂತಿತು. ಮಂಡಿಯಿಂದ ಗುದ್ದಿದಳು, ಇಳಿಯಲಿಲ್ಲ, ಮಂಡಿ ನೊಂದಿತು. ಒಳಗೆ ಕದಿಯುವುದಕ್ಕೆ ಏನಿದೆ ಅಂತ ಹಾಗೇ ಬಿಟ್ಟು ಹೊರಟಳು. ಮನೆಯ ಮೆಟ್ಟಿಲ ತಿರುವಿನಲ್ಲಿ ಉಸಿರು ಸಿಕ್ಕಲಿಲ್ಲ. ಗೋಡೆ ಹಿಡಿದು ನಿಂತಳು. ಭುಜ ಇಳಿದಿತ್ತು. ನೋಡುವವರು ಯಾರೂ ಇರಲಿಲ್ಲ.